ಜಿಲ್ಲೆಗೆ ತಕ್ಕ ತಾಲ್ಲೂಕು ಪಟ್ಟಿ: ಇಂಡೈರೆಕ್ಟ್, ಆಫ್‌ಸೆಟ್, ಫಿಲ್ಟರ್‌ಗಳಲ್ಲಿ ಯಾವುದು ಮೇಲು?

ಎಕ್ಸೆಲ್‌ನ ಒಂದು ಕಾಲಂನಲ್ಲಿ ಜಿಲ್ಲೆ ಆರಿಸಿದರೆ ಪಕ್ಕದ ಡ್ರಾಪ್‌ಡೌನ್‌ನಲ್ಲಿ ಆ ಜಿಲ್ಲೆಯ ತಾಲ್ಲೂಕುಗಳಷ್ಟೇ ಬರಬೇಕು. ಇದಕ್ಕಿರುವ ಮೂರು ದಾರಿಗಳನ್ನೂ (INDIRECT, OFFSET, FILTER ಎಂಬ ಸೂತ್ರಗಳು) ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದ ಕರ್ನಾಟಕದ 31 ಜಿಲ್ಲೆಗಳ ಪಟ್ಟಿಗೆ ಹಾಕಿ ನೋಡಿದರೆ, ಹಲವರು ಹಲವು ಆವೃತ್ತಿಗಳಲ್ಲಿ ತೆರೆಯುವ ಕಡತಕ್ಕೆ ಆಫ್‌ಸೆಟ್ಟೇ ವಾಸಿ.

ಎಲ್ಲರೂ ಮೊದಲು ಕಲಿಯುವುದು ಇಂಡೈರೆಕ್ಟ್, ಸೆಲ್‌ನಲ್ಲಿರುವ ಪದವನ್ನೇ ರೇಂಜ್‌ನ ಹೆಸರೆಂದು ಓದುವ ಸೂತ್ರ. ಪ್ರತಿ ಜಿಲ್ಲೆಯ ತಾಲ್ಲೂಕುಗಳನ್ನು ಆ ಜಿಲ್ಲೆಯ ಹೆಸರಿನ ನೇಮ್ಡ್ ರೇಂಜ್ (ಹೆಸರಿಟ್ಟ ಸೆಲ್‌ಗಳ ಗುಂಪು) ಮಾಡಿ, ಡ್ರಾಪ್‌ಡೌನ್ ಕಟ್ಟುವ ಡೇಟಾ ವ್ಯಾಲಿಡೇಶನ್‌ನ ಸೋರ್ಸ್‌ನಲ್ಲಿ ಇಂಡೈರೆಕ್ಟ್‌ಗೆ ಜಿಲ್ಲೆಯ ಸೆಲ್ ಕೊಟ್ಟರೆ ಆಯಿತು. ಕೊಡಗು, ಹಾಸನಕ್ಕೆ ಸಲೀಸಾಗಿ ನಡೆಯುತ್ತದೆ. ಉತ್ತರ ಕನ್ನಡ ಆರಿಸಿ ನೋಡಿ, ಬಾಣ ಒತ್ತಿದರೂ ಪಟ್ಟಿ ತೆರೆಯುವುದಿಲ್ಲ. ರೇಂಜ್ ಹೆಸರಿನಲ್ಲಿ ಸ್ಪೇಸ್ ಇರುವಂತಿಲ್ಲ, ಅಲ್ಲಿ ಅಂಡರ್‌ಸ್ಕೋರ್ ಕೂತಿರುತ್ತದೆ. ಸಬ್‌ಸ್ಟಿಟ್ಯೂಟ್ ಬಳಸಿ ಸ್ಪೇಸನ್ನು ಅಂಡರ್‌ಸ್ಕೋರ್ ಮಾಡಿದರೆ ಸರಿಹೋಗುತ್ತದೆ, ಆದರೆ 31 ಹೆಸರುಗಳನ್ನು ಕಾಯುವ ಕೆಲಸ ತಪ್ಪುವುದಿಲ್ಲ.

ಆಫ್‌ಸೆಟ್‌ಗೆ ಎರಡೇ ಕಾಲಂ ಸಾಕು: ಎಚ್‌ನಲ್ಲಿ ಜಿಲ್ಲೆ, ಐನಲ್ಲಿ ತಾಲ್ಲೂಕು. ಎಚ್1ರಿಂದ ಹೊರಟು, ಎಚ್2ರಿಂದ ಕೆಳಗೆ ಜಿಲ್ಲೆ ಮೊದಲು ಎಷ್ಟನೆಯ ಸಾಲಿನಲ್ಲಿ ಸಿಕ್ಕಿತೆಂದು ಮ್ಯಾಚ್ ಹೇಳುವಷ್ಟು ಸಾಲು ಇಳಿದು, 1 ಕಾಲಂ ಬಲಕ್ಕೆ ಸರಿದು, ಆ ಜಿಲ್ಲೆಯ ಸಾಲುಗಳನ್ನು ಕೌಂಟ್‌ಇಫ್ ಎಣಿಸಿದಷ್ಟು ಎತ್ತರ ತೆಗೆದುಕೊಳ್ಳಬೇಕು. ಎಚ್ ಕಾಲಂನ ವಿಳಾಸಗಳಿಗೆಲ್ಲ $ ಹಾಕಿ. ಇಲ್ಲದಿದ್ದರೆ ಕೆಳಗಿನ ಸಾಲುಗಳಲ್ಲಿ ಪಟ್ಟಿ ಜಾರುತ್ತಾ ಹೋಗುತ್ತದೆ. ಜಿಲ್ಲೆಯ ಸೆಲ್ ಖಾಲಿಯಿದ್ದಾಗ ಸೂತ್ರ ಕೂರಿಸಿದರೆ ಎಕ್ಸೆಲ್ ಎರರ್ ಎಂದು ಎಚ್ಚರಿಸುತ್ತದೆ. ಯೆಸ್ ಒತ್ತಿ ಮುಂದುವರಿಯಿರಿ.

ಇದರ ಕಟ್ಟುಪಾಡು ಒಂದೇ: ಒಂದು ಜಿಲ್ಲೆಯ ಸಾಲುಗಳೆಲ್ಲ ಒಟ್ಟಿಗಿರಬೇಕು. ಚದುರಿದ್ದರೆ ಬೇರೆ ಜಿಲ್ಲೆಯ ತಾಲ್ಲೂಕು ನುಸುಳುತ್ತದೆ. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದು ಕಷ್ಟ. ವಿಂಗಡಿಸಿಟ್ಟ ಉತ್ತರ ಕನ್ನಡದ 12 ಸಾಲುಗಳಲ್ಲಿ ಕುಮಟಾ ಸಾಲಿನ ಜಿಲ್ಲೆಯ ಹೆಸರಿನ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡಿತೆನ್ನಿ. ಕೌಂಟ್‌ಇಫ್ 11 ಎನ್ನುತ್ತದೆ, ಕುಮಟಾ ಉಳಿದು ಪಟ್ಟಿಯ ಕೊನೆಯ ಯಲ್ಲಾಪುರ ಮಾಯವಾಗುತ್ತದೆ! ಯಲ್ಲಾಪುರದ ಸಾಲನ್ನು ಎಷ್ಟು ತಡಕಿದರೂ ದೋಷ ಸಿಗದು. ಎಚ್ ಕಾಲಂ ಪೂರ್ತಿಗೆ ಟ್ರಿಮ್ (ಹೆಚ್ಚುವರಿ ಸ್ಪೇಸ್ ತೆಗೆಯುವ ಸೂತ್ರ) ಹಾಕಿ, ಬಂದದ್ದನ್ನು ವ್ಯಾಲ್ಯೂ ಆಗಿ ಅಂಟಿಸುವುದೇ ಪರಿಹಾರ.

ಜಿಲ್ಲೆಗೆ ಹೊಂದುವ ಸಾಲುಗಳನ್ನಷ್ಟೇ ಹೆಕ್ಕುವ ಫಿಲ್ಟರ್ ನೋಡಲು ಎಲ್ಲಕ್ಕಿಂತ ಅಚ್ಚುಕಟ್ಟು, ಸಾಲುಗಳು ಚದುರಿದ್ದರೂ ಚಿಂತೆಯಿಲ್ಲ. ಆದರೆ ಅದು ಎಕ್ಸೆಲ್ 2019ರಲ್ಲಿ ಇಲ್ಲ. 2021 ಅಥವಾ ಅದರ ನಂತರದ್ದು, ಇಲ್ಲವೇ 365 ಬೇಕು. ಸೋರ್ಸ್‌ನಲ್ಲಿ ನೇರವಾಗಿ ಬರೆಯಲೂ ಆಗದು. ಎಲ್ಲೋ ಒಂದು ಸೆಲ್‌ನಲ್ಲಿ ಬರೆದು, ಸೋರ್ಸ್‌ನಲ್ಲಿ ಆ ವಿಳಾಸದ ಕೊನೆಗೆ # ಹಾಕಬೇಕು. ಒಂದೇ ನಮೂದಿನ ಫಾರಂಗೆ ಇದು ಸೊಗಸು; ನೂರಾರು ಸಾಲಿಗೆ ಪ್ರತಿ ಸಾಲಿಗೂ ಬೇರೆ ಫಿಲ್ಟರ್ ಬೇಕಾಗುತ್ತದೆ.

ತಾಲ್ಲೂಕು ಆರಿಸಿದ ಮೇಲೆ ಜಿಲ್ಲೆ ಬದಲಿಸಿದರೆ ಮೂರರಲ್ಲೂ ಹಳೆಯ ತಾಲ್ಲೂಕು ಹಾಗೇ ಉಳಿಯುತ್ತದೆ. ಬೇರೆಡೆಯಿಂದ ಪೇಸ್ಟ್ ಮಾಡಿದ್ದನ್ನೂ ವ್ಯಾಲಿಡೇಶನ್ ತಡೆಯುವುದಿಲ್ಲ. ಜಿಲ್ಲೆ, ತಾಲ್ಲೂಕು ಜೋಡಿಯನ್ನು ಕೌಂಟ್‌ಇಫ್ಸ್‌ನಿಂದ ಮೂಲ ಪಟ್ಟಿಯಲ್ಲಿ ಎಣಿಸಿ, 0 ಬಂದ ಸಾಲು ಕೆಂಪಾಗುವಂತೆ ಕಂಡೀಶನಲ್ ಫಾರ್ಮ್ಯಾಟಿಂಗ್ ಹಾಕಿಡಿ.