ಪರೆಂಜಾನಾ: ಹಳೇ ರೈಲುಹಾದಿಯ ಜಲ್ಲಿಯ ಮೇಲೆ 123 ಕಿಲೋಮೀಟರ್

ಇಟಲಿಯ ತ್ರಿಯೆಸ್ತೆಯಿಂದ ಹೊರಟು, ಸ್ಲೊವೇನಿಯಾದ ಕರಾವಳಿ ಹಾದು, ಕ್ರೊಯೇಷಿಯಾದ ಪೊರೆಚ್ ಊರಿನಲ್ಲಿ ಮತ್ತೆ ಕಡಲಿಗೆ ಬಂದು ಮುಟ್ಟುವ ಗ್ರಾವೆಲ್ ಸೈಕಲ್ (ಜಲ್ಲಿ ಹಾದಿಗೆಂದೇ ಅಗಲ ಟಯರು ಹಾಕಿದ ಸೈಕಲ್) ದಾರಿ ಪರೆಂಜಾನಾ. 1902ರಲ್ಲಿ ಶುರುವಾಗಿ 1935ರಲ್ಲಿ ನಿಂತುಹೋದ, 760 ಮಿ.ಮೀ. ಅಗಲದ ನ್ಯಾರೋಗೇಜ್ ರೈಲಿನ ಹಾದಿ ಇದು. ಹಳಿಗಳನ್ನು ಕಿತ್ತು ಒಯ್ದರೂ ಸುರಂಗ, ಸೇತುವೆ, ಏರಿ ಉಳಿದುಕೊಂಡವು. ಇಟಲಿಯ ಪಾಲು 13 ಕಿ.ಮೀ., ಸ್ಲೊವೇನಿಯಾದ್ದು 32, ಕ್ರೊಯೇಷಿಯಾದ್ದು 78.

ಕಡಲ ದಾರಿ ಎಂದು ನಂಬಿ ಹೋದರೆ ಬೇಸರವಾಗುತ್ತದೆ, ಇದನ್ನು ಮೊದಲೇ ಹೇಳಿಬಿಡಬೇಕು. ನೀರು ಕಣ್ಣಿಗೆ ಬೀಳುವುದು ಆರಂಭದಲ್ಲಿ ಮತ್ತು ಕೊನೆಯಲ್ಲಿ. ನಡುವೆ ಇರುವುದೆಲ್ಲ ಇಸ್ತ್ರಿಯಾ ಎಂಬ ಪರ್ಯಾಯ ದ್ವೀಪದ ಗುಡ್ಡ, ದ್ರಾಕ್ಷಿ, ಆಲಿವ್ ತೋಟ, ಓಕ್ ಕಾಡು. ಆದರೆ ಗ್ರಾವೆಲ್ ಸೈಕಲ್ ತಂದವರಿಗೆ ಸಾರ್ಥಕವಾಗುವುದು ಆ ನಡುವಿನ ಭಾಗವೇ.

ತ್ರಿಯೆಸ್ತೆಯಿಂದ ಸೆಚೋವ್ಲ್ಯೆವರೆಗಿನ ಮೊದಲ 45 ಕಿ.ಮೀ. ಬಹುಪಾಲು ಡಾಂಬರು. ಕೊಪೆರ್‌ನಿಂದ ಇಜೋಲಾಕ್ಕೆ ಹೋಗುವ ಹಳೇ ಕರಾವಳಿ ರಸ್ತೆಗೆ ಈಗ ಮೋಟಾರು ವಾಹನಗಳ ಪ್ರವೇಶವಿಲ್ಲ. ಸಮುದ್ರ ಅಷ್ಟು ಹತ್ತಿರ ಸಿಗುವ ಇನ್ನೊಂದು ತುಂಡು ಈ ದಾರಿಯಲ್ಲಿಲ್ಲ. ಪೊರ್ತೊರೋಜ್ ಬಳಿಯ ವಲೇಟಾ ಸುರಂಗ ಅರ್ಧ ಕಿಲೋಮೀಟರಿಗೂ ತುಸು ಉದ್ದ, ಬೇಸಿಗೆ ಮಧ್ಯಾಹ್ನದಲ್ಲಿ ಒಳ್ಳೆ ತಂಪು. ಆಮೇಲೆ ಸೆಚೋವ್ಲ್ಯೆಯ ಉಪ್ಪಿನ ಗದ್ದೆಗಳು, ಅಲ್ಲಿಂದ ಗಡಿ.

ಗಡಿ ದಾಟಿದ ಮೇಲೆ ನಿಜವಾದ ಪರೀಕ್ಷೆ. ಸಮುದ್ರಮಟ್ಟದಿಂದ ಬುಯೆ ಹಾದು ಗ್ರೋಜ್ನ್ಯಾನ್‌ಗೆ ಬರುವಷ್ಟರಲ್ಲಿ 293 ಮೀಟರ್ ಏರಿರುತ್ತೀರಿ. ಇಡೀ ಹಾದಿಯ ಅತಿ ಎತ್ತರದ ಜಾಗ ಇದೇ. ರೈಲಿಗಾಗಿ ಕಡಿದ ದಾರಿಯಾದ್ದರಿಂದ ಏರು ಎಲ್ಲೂ ಶೇಕಡ 3 ದಾಟುವುದಿಲ್ಲ. ಹಾಗೆಂದು ಸಲೀಸು ಎಂದುಕೊಳ್ಳಬೇಡಿ. ಡಾಂಬರಿನಲ್ಲಾದರೆ ಗೊತ್ತೇ ಆಗದ ಈ ಏರು, ಸಡಿಲ ಜಲ್ಲಿಯಲ್ಲಿ ಕಾಲನ್ನು ನಿಧಾನವಾಗಿ ಹಿಂಡುತ್ತದೆ, ಅದೂ ಬಿಡುವಿಲ್ಲದೆ. ಹಗುರ ಗೇರಿನಲ್ಲಿ, ಸೀಟು ಬಿಟ್ಟೇಳದೆ ತುಳಿಯಿರಿ. ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಸುಮ್ಮನೆ ತಿರುಗುತ್ತದೆ.

ಇಲ್ಲಿನ ಜಲ್ಲಿ ಸುಣ್ಣಕಲ್ಲು. ಕೆಲವು ಕಡೆ ಕಡಲೆಕಾಳಿನಷ್ಟು ನುಣ್ಣಗೆ ಕುಳಿತಿದ್ದರೆ, ಕೆಲವು ಕಡೆ ನಿಂಬೆಹಣ್ಣಿನ ಗಾತ್ರದ ಕಲ್ಲು ಬಿಡಿಬಿಡಿಯಾಗಿ ಬಿದ್ದಿರುತ್ತದೆ, ರೋಲರ್ ಓಡಿಸದೆ ಬಿಟ್ಟ ಹೊಸ ರಸ್ತೆಯಂತೆ. ಒಡೆದ ಸುಣ್ಣಕಲ್ಲಿನ ಅಂಚು ಹರಿತ. ಟಯರಿನ ಮೇಲ್ಮೈಗೆ ಅದರಿಂದ ಅಷ್ಟು ತೊಂದರೆಯಿಲ್ಲ, ಪಕ್ಕದ ಗೋಡೆಯನ್ನು ಮಾತ್ರ ಬ್ಲೇಡಿನಂತೆ ಸೀಳುತ್ತದೆ. ಆ ಸೀಳಿಗೆ ಸೀಲಂಟ್ (ಟ್ಯೂಬಿಲ್ಲದ ಟಯರಿನೊಳಗೆ ಹಾಕುವ, ತೂತು ಮುಚ್ಚುವ ದ್ರವ) ಸಾಕಾಗುವುದಿಲ್ಲ. ಒಳಗಿನಿಂದ ಹಾಕುವ ತೇಪೆ, ಇಲ್ಲದಿದ್ದರೆ ಹಳೇ ಟಯರಿನಿಂದ ಕತ್ತರಿಸಿದ ಒಂದು ತುಂಡು, ಜೊತೆಗೆ ಒಂದು ಟ್ಯೂಬ್ ಚೀಲದಲ್ಲಿ ಇರಲೇಬೇಕು.

ಟಯರ್ 40 ಮಿ.ಮೀ.ಗಿಂತ ಕಡಿಮೆ ಬೇಡ. 45 ಇದ್ದರೆ ಕೈ, ಬೆನ್ನು ಎರಡಕ್ಕೂ ಆರಾಮ. 70ರಿಂದ 75 ಕೆ.ಜಿ. ತೂಕದವರು 45ರ ಟ್ಯೂಬ್‌ಲೆಸ್ ಟಯರಿಗೆ ಮುಂದೆ 27, ಹಿಂದೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಳ್ಳಬಹುದು. 40ರದ್ದಾದರೆ 32 ಮತ್ತು 35. ಟ್ಯೂಬ್ ಹಾಕಿದ್ದರೆ ಇನ್ನೂ ನಾಲ್ಕೈದು ಸೇರಿಸಿ, ಇಲ್ಲದಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಡಾಂಬರಿನ ಭಾಗದಲ್ಲಿ ವೇಗ ಬೇಕೆಂದು 50 ತುಂಬಿಕೊಂಡು ಬಂದು, ಹಾಗೇ ಜಲ್ಲಿಗೆ ಇಳಿಯುವುದು ಇಲ್ಲಿ ಬಹಳ ಮಂದಿ ಮಾಡುವ ತಪ್ಪು. ಬುಯೆ ಏರು ಶುರುವಾಗುವ ಮೊದಲು ಎರಡು ನಿಮಿಷ ನಿಂತು ಗಾಳಿ ಇಳಿಸಿ.

ಗ್ರೋಜ್ನ್ಯಾನ್‌ನಿಂದ ಲಿವಾದೆಗೆ ಇಳಿಯುವ ತುಂಡು ಇಡೀ ದಾರಿಯಲ್ಲೇ ಸೊಗಸು. ಕಾಡಿನ ನಡುವೆ ಬಾಗುತ್ತ ಹೋಗುವ ಹಾದಿ, ಕಲ್ಲಿನ ಎತ್ತರದ ಸೇತುವೆಗಳು, ಕೆಳಗೆ ಮಿರ್ನಾ ನದಿಯ ಕಣಿವೆ, ಎದುರಿನ ಗುಡ್ಡದ ನೆತ್ತಿಯಲ್ಲಿ ಕೋಟೆಗೋಡೆ ಸುತ್ತಿಕೊಂಡ ಮೊತೊವುನ್. ಎಚ್ಚರ ತಪ್ಪಬಾರದ ಜಾಗವೂ ಇದೇ. ಹೊಳೆಯುವ ಬಿಸಿಲಿನಿಂದ ಸುರಂಗಕ್ಕೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಸೈಕಲ್ ಹತ್ತಿಪ್ಪತ್ತು ಮೀಟರ್ ಒಳಗೆ ಹೋಗಿರುತ್ತದೆ, ಚಾವಣಿಯಿಂದ ತೊಟ್ಟಿಕ್ಕಿದ ನೀರಿಗೆ ನೆಲ ಜಾರುತ್ತಿರುತ್ತದೆ, ಎದುರಿನಿಂದ ಮಕ್ಕಳನ್ನು ಕರೆದುಕೊಂಡು ಯಾರೋ ನಡೆದು ಬರುತ್ತಿರಬಹುದು. ಒಳಗೆ ಅಳವಡಿಸಿದ ದೀಪಗಳನ್ನು ನಂಬಿ ಕೂರಬೇಡಿ. 400 ಲೂಮೆನ್‌ನ ಮುಂದೀಪ, ಒಂದು ಹಿಂದೀಪ ಕಟ್ಟಿಕೊಳ್ಳಿ. ಸುರಂಗದ ಬಾಯಿಗೆ ಬರುವ ಮೊದಲೇ ಕಪ್ಪು ಕನ್ನಡಕ ತೆಗೆಯಿರಿ, ವೇಗ ತಗ್ಗಿಸಿ. ಇಳಿಜಾರಿನ ತಿರುವುಗಳಲ್ಲಿ ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಮುಗಿಸಬೇಕು. ಬಿಡಿ ಕಲ್ಲಿನ ಮೇಲೆ ತಿರುಗುತ್ತ ಮುಂದಿನ ಬ್ರೇಕ್ ಒತ್ತಿದರೆ ಮುಂಚಕ್ರ ಜಾರಿಹೋಗುತ್ತದೆ.

ಮಳೆ ಬಂದ ಮರುದಿನ ಈ ಭಾಗಕ್ಕೆ ಹೋಗದಿರುವುದು ಒಳ್ಳೆಯದು. ಗ್ರೋಜ್ನ್ಯಾನ್, ಮೊತೊವುನ್ ಸುತ್ತಲಿನ ಬೂದು ಜೇಡಿ ಟಯರಿಗೆ ಮೆತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಟಯರಿಗೂ ಫ್ರೇಮಿಗೂ ನಡುವೆ ಎರಡೂ ಕಡೆ 6 ಮಿ.ಮೀ. ಜಾಗವಿಲ್ಲದಿದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಪೊರೆಚ್ ಕಡೆಯ ಕೆಂಪು ಮಣ್ಣು ಅಂಟುವುದರಲ್ಲಿ ಅದಕ್ಕಿಂತ ಕಡಿಮೆಯೇನಲ್ಲ.

ಮಳೆಗಿಂತ ದೊಡ್ಡ ಶತ್ರು ಗಾಳಿ. ಈಶಾನ್ಯದಿಂದ ಬೀಸುವ ಬೋರಾ ತ್ರಿಯೆಸ್ತೆ ಕೊಲ್ಲಿಯಲ್ಲಿ ಎಂಥದ್ದೆಂದರೆ 1910ರಲ್ಲಿ ಮುಜ್ಜಾ ಬಳಿ ಈ ರೈಲನ್ನೇ ಉರುಳಿಸಿತ್ತು. ಚಳಿಗಾಲದಲ್ಲಿ ಅದರ ಜೋರು ಹೆಚ್ಚು. ಮುನ್ಸೂಚನೆಯಲ್ಲಿ ಬೋರಾ ಕಂಡರೆ ಹೊರಡುವುದನ್ನು ಒಂದೆರಡು ದಿನ ಮುಂದೂಡಿ. ಹ್ಯಾಂಡಲ್‌ಗೆ ಅಗಲದ ಚೀಲ ಕಟ್ಟಿದ ಸೈಕಲ್ ಸೇತುವೆಯ ಮೇಲೆ ಪಕ್ಕಕ್ಕೆ ಎಳೆದಾಡುತ್ತದೆ. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆ ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 30 ಡಿಗ್ರಿ ದಾಟುತ್ತದೆ. ಸುಣ್ಣಕಲ್ಲಿನ ನೆಲ ಮಳೆನೀರನ್ನು ಕುಡಿದುಬಿಡುವುದರಿಂದ ದಾರಿಯಲ್ಲಿ ತೊರೆ ಸಿಗುವುದು ಅಪರೂಪ. ಎರಡು ಲೀಟರ್ ಹೊತ್ತುಕೊಳ್ಳಿ. ಬುಯೆ, ಗ್ರೋಜ್ನ್ಯಾನ್, ಲಿವಾದೆ, ವಿಜಿನಾದಾ ಬಂದಾಗಲೆಲ್ಲ ತುಂಬಿಸಿಕೊಳ್ಳಿ.

ಲಿವಾದೆಯಲ್ಲಿ ಊಟಕ್ಕೆ ನಿಲ್ಲಬೇಕು. ಟ್ರಫಲ್ ಎಂಬ, ನೆಲದಡಿ ಬೆಳೆಯುವ ದುಬಾರಿ ಅಣಬೆಯ ಸೀಮೆ ಇದು, 1999ರಲ್ಲಿ 1.31 ಕೆ.ಜಿ. ತೂಗುವ ಒಂದೇ ಗಡ್ಡೆ ಇಲ್ಲಿ ಸಿಕ್ಕಿತ್ತು. ಫೂಜಿ ಎಂಬ ಸುರುಳಿ ಪಾಸ್ತಾದ ಮೇಲೆ ಅದನ್ನು ತೆಳುವಾಗಿ ತುರಿದು ಕೊಡುತ್ತಾರೆ. ಸಸ್ಯಾಹಾರಿಗಳಿಗೂ ಹೊಟ್ಟೆ ತುಂಬುವ ಊಟ. ಆದರೆ ಹುರುಳಿಕಾಯಿ ಬೀಜ, ಜೋಳ ಹಾಕಿದ ಮನೆಷ್ಟ್ರಾ ಸಾರನ್ನು ನೋಡಿ ತರಕಾರಿಯದ್ದೆಂದು ತಿಳಿಯಬೇಡಿ, ಅದನ್ನು ಹಂದಿ ಮೂಳೆ ಹಾಕಿಯೇ ಕುದಿಸುವುದು ವಾಡಿಕೆ. 'ಬೆಜ್ ಮೆಸಾ', ಅಂದರೆ ಮಾಂಸ ಬೇಡ, ಎಂದರೆ ಬಟ್ಟಲಿನ ತುಂಡನ್ನು ತೆಗೆದುಕೊಟ್ಟಾರು, ಸಾರು ಅದೇ ಇರುತ್ತದೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಬಾಳೆಹಣ್ಣು, ಬ್ರೆಡ್ಡು ಶನಿವಾರವೇ ಕೊಂಡಿಟ್ಟುಕೊಳ್ಳಿ.

ಮೊತೊವುನ್ ಕೆಳಗಿನ 222 ಮೀಟರಿನ ಸುರಂಗ ದಾಟಿದ ಮೇಲೆ ದಾರಿಯ ಸ್ವಾದ ಕಡಿಮೆಯಾಗುತ್ತ ಹೋಗುತ್ತದೆ. ವಿಜಿನಾದಾ ನಂತರ ಅಲ್ಲಲ್ಲಿ ಹಳೇ ರೈಲುಹಾದಿ ಕೈತಪ್ಪಿ ತೋಟದ ದಾರಿ, ಊರ ರಸ್ತೆ ಸೇರಿಕೊಳ್ಳುತ್ತವೆ. ಜಿಪಿಎಸ್‌ಗೆ ದಾರಿಯ ಫೈಲನ್ನು ಮೊದಲೇ ಹಾಕಿಕೊಂಡಿದ್ದರೆ ಒಳಿತು. ಸಮಯ ಕಡಿಮೆಯಿದ್ದರೆ ಈ ಕೊನೆಯ ಭಾಗ ಬಿಟ್ಟು ಬುಯೆಯಿಂದ ಮೊತೊವುನ್‌ವರೆಗೆ ಮಾತ್ರ ಹೋಗಿ ಬನ್ನಿ; ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ಮ್ಯೂನಿಕ್ ಸುತ್ತಮುತ್ತ ಇರುವ ಕನ್ನಡಿಗರಿಗೆ ತ್ರಿಯೆಸ್ತೆ ಸುಮಾರು 500 ಕಿ.ಮೀ.; ಮೂರು ದಿನ ಸವಾರಿಗೆ, ಎರಡು ದಿನ ಪ್ರಯಾಣಕ್ಕೆ ಇಟ್ಟುಕೊಂಡರೆ ಅವಸರವಿಲ್ಲ. 2023ರ ಜನವರಿಯಿಂದ ಕ್ರೊಯೇಷಿಯಾವೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿದೆ, ಯೂರೋವನ್ನೂ ತಂದುಕೊಂಡಿದೆ. ಆದರೂ ಗಡಿಗಳಲ್ಲಿ ಆಗಾಗ ತಪಾಸಣೆ ಇರುವುದರಿಂದ ಪಾಸ್‌ಪೋರ್ಟ್, ವಾಸದ ಪರವಾನಗಿ ಎರಡೂ ಜೇಬಿನಲ್ಲಿರಲಿ.

ಈ ದಾರಿಯ ದೊಡ್ಡ ಕೊರತೆ ವಾಪಸು ಬರುವುದು. ಪೊರೆಚ್‌ಗೆ ಇಂದಿಗೂ ರೈಲಿಲ್ಲ. ಬಸ್ಸಿನಲ್ಲಿ ಸೈಕಲ್ ಹಾಕಿಸಿಕೊಳ್ಳುವುದು ಎಷ್ಟೋ ಸಲ ಚಾಲಕರ ಮರ್ಜಿ. ಚಕ್ರ ಬಿಚ್ಚಿ ಚೀಲಕ್ಕೆ ಹಾಕಿಟ್ಟರೆ ಒಪ್ಪುವ ಸಾಧ್ಯತೆ ಹೆಚ್ಚು. ಬಾಡಿಗೆ ಸೈಕಲ್ ತೆಗೆದುಕೊಳ್ಳುವವರು ದರ ಕೇಳುವ ಮುಂಚೆ ಪೊರೆಚ್‌ನಿಂದ ವ್ಯಾನಿನಲ್ಲಿ ಮರಳಿ ಕರೆತರುತ್ತಾರೆಯೇ, ಕನಿಷ್ಠ ಎಷ್ಟು ಜನ ಇರಬೇಕು ಎಂದು ಕೇಳಿಕೊಳ್ಳಿ. ಸ್ವಂತ ಸೈಕಲ್‌ನವರು ಗುಂಪಿನಲ್ಲಿ ಒಬ್ಬರು ಕಾರು ತರುವಂತೆ ಹೊಂದಿಸಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.