ತೊಗರಿಗೆ ಬೆಳೆ ವಿಮೆ: ಮೂರು ಮುಂಗಾರುಗಳ ಲೆಕ್ಕ

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಎರೆಭೂಮಿಯಲ್ಲಿ ನಮ್ಮ ಮನೆತನದ ಒಂಬತ್ತು ಎಕರೆ ಒಣಬೇಸಾಯದ ಹೊಲವಿದೆ. 2023ರಿಂದ ಸತತ ಮೂರು ಮುಂಗಾರು ಅದರ ತೊಗರಿಗೆ ಬೆಳೆ ವಿಮೆ ಮಾಡಿಸಿದ್ದೇನೆ. ಕಾಗದದ ಮೇಲೆ ಇದು ‘ಕರ್ನಾಟಕ ರೈತ ಸುರಕ್ಷಾ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ’. ನಮ್ಮ ಊರ ಕಟ್ಟೆಯ ಮೇಲೆ ಬರೀ ‘ಇನ್ಶೂರೆನ್ಸ್’. ಹವಾಮಾನ ಬದಲಾವಣೆಯನ್ನು ಎದುರಿಸಲು ಕೇಂದ್ರ ಸರ್ಕಾರ 2008ರಲ್ಲೇ ಎಂಟು ಅಭಿಯಾನಗಳ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು, ರಾಜ್ಯವೂ ತನ್ನದೇ ಕ್ರಿಯಾಯೋಜನೆಯನ್ನು ಮಾಡಿಕೊಂಡಿತು. ಆದರೆ ಅವೆಲ್ಲವುಗಳ ಪೈಕಿ ಒಣಬೇಸಾಯದವನ ಕೈಗೆ ರಸೀದಿಯಾಗಿ ಬಂದು ಸೇರುವುದು ಈ ವಿಮೆಯೊಂದೇ ಎಂದು ನನಗನ್ನಿಸಿದೆ. ಆದ್ದರಿಂದ ದುಡ್ಡು ಕೊಟ್ಟು ಕೊಂಡ ಯಾವುದೇ ಸೇವೆಯನ್ನು ತೂಗುವಂತೆಯೇ ಇದನ್ನೂ ತೂಗಿ ನೋಡುತ್ತೇನೆ.

ಬೆಲೆಯ ಬಗ್ಗೆ ತಕರಾರಿಲ್ಲ. ಮುಂಗಾರಿನ ಧಾನ್ಯ, ಬೇಳೆಕಾಳು ಮತ್ತು ಎಣ್ಣೆಕಾಳುಗಳಿಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ಹೆಕ್ಟೇರಿಗೆ 50,000 ರೂಪಾಯಿ ವಿಮಾ ಮೊತ್ತವೆಂದು ಹಿಡಿದರೆ ನಾವು ಕಟ್ಟುವುದು 1,000 ರೂಪಾಯಿ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಂಡು ಭರಿಸುತ್ತವೆ. ಒಂದು ಹೆಕ್ಟೇರಿಗೆ ಎರಡು ಸಲ ಔಷಧಿ ಹೊಡೆಸುವ ಖರ್ಚಿಗಿಂತ ಇದು ಕಡಿಮೆ. ನೋಂದಣಿಯೂ ಈಗ ಸುಲಭ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಗ್ರಾಮ ಒನ್ ಕೇಂದ್ರಕ್ಕೆ ಹೋದರೆ, ಸರ್ವರ್ ಕೈಕೊಡದಿದ್ದರೆ, ಅರ್ಧ ಗಂಟೆಯ ಕೆಲಸ.

ತೊಡಕು ಶುರುವಾಗುವುದು ನೋಂದಣಿಯ ನಂತರ, ಬೆಳೆ ಸಮೀಕ್ಷೆಯಲ್ಲಿ. ನಮ್ಮ ಕಡೆ ತೊಗರಿಯ ಸಾಲಿನ ನಡುವೆ ಹೆಸರು ಅಥವಾ ಉದ್ದು ಹಾಕುವುದು ಹಿಂದಿನಿಂದ ಬಂದ ರೂಢಿ. ಎರಡೂವರೆ ತಿಂಗಳೊಳಗೆ ಹೆಸರು ಕೈಗೆ ಬಂದು ನಾಲ್ಕು ಕಾಸಾಗುತ್ತದೆ, ತೊಗರಿ ನಿಧಾನವಾಗಿ ಹಬ್ಬುತ್ತದೆ. ಮಳೆ ಯಾವಾಗ ಬರುತ್ತದೆಂದು ಹೇಳಲಾಗದ ನೆಲದಲ್ಲಿ ಒಂದು ಹೋದರೆ ಇನ್ನೊಂದಾದರೂ ಇರಲಿ ಎಂಬ ಈ ಉಪಾಯವನ್ನು ನಮಗೆ ಯಾವ ಇಲಾಖೆಯೂ ಕಲಿಸಿಕೊಟ್ಟದ್ದಲ್ಲ. ಆದರೆ ಸಮೀಕ್ಷೆಗೆ ಬಂದ ಹುಡುಗನ ಮೊಬೈಲಿಗೆ ಕಾಣಿಸಿದ್ದು ಎದ್ದು ನಿಂತ ಹೆಸರು ಮಾತ್ರ. 2024ರಲ್ಲಿ ನನ್ನ ಒಂದು ಸರ್ವೆ ನಂಬರಿನಲ್ಲಿ ಪೂರ್ತಿ ಹೆಸರುಕಾಳು ಎಂದೇ ದಾಖಲಾಗಿತ್ತು. ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಆಕ್ಷೇಪಣೆ ಸಲ್ಲಿಸಿ ಸರಿಪಡಿಸಿಕೊಳ್ಳಲು ಮೂರು ಬಾರಿ ಅಲೆದೆ. ಮರುವರ್ಷದಿಂದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಾನೇ ಫೋಟೊ ತೆಗೆದು ಮಿಶ್ರ ಬೆಳೆ ಎಂದು ತುಂಬುತ್ತಿದ್ದೇನೆ. ಓದುಗರಿಗೂ ಅದನ್ನೇ ಹೇಳುತ್ತೇನೆ.

ಇನ್ನು ಪರಿಹಾರದ ಲೆಕ್ಕ. ಇದನ್ನು ತಿಳಿಯದೆ ‘ನನ್ನ ಹೊಲ ಹಾಳಾಯಿತು, ವಿಮೆ ಬರಲಿಲ್ಲ’ ಎಂದು ಕೊರಗುವವರೇ ಹೆಚ್ಚು. ಮೊದಲ ವರ್ಷ, ಹಣ ಬರುವ ತನಕ, ನಾನೂ ಅವರಲ್ಲೊಬ್ಬ. ಪ್ರಮುಖ ಬೆಳೆಗಳಿಗೆ ವಿಮೆಯ ಘಟಕ ಗ್ರಾಮ ಪಂಚಾಯಿತಿಯೇ ಹೊರತು ಹೊಲವಲ್ಲ. ಪಂಚಾಯಿತಿಗೆ ನಾಲ್ಕರಂತೆ ಬೆಳೆ ಕಟಾವು ಪ್ರಯೋಗಗಳು ನಡೆಯುತ್ತವೆ: ಚೀಟಿ ಎತ್ತಿದ ಹಾಗೆ ಆರಿಸಿದ ಸರ್ವೆ ನಂಬರುಗಳಲ್ಲಿ ಅಳತೆಯ ಜಾಗಕ್ಕೆ ಹಗ್ಗ ಕಟ್ಟಿ, ಅಷ್ಟನ್ನೇ ಕೊಯ್ದು, ಬಡಿದು, ತೂಗಿ, ಆ್ಯಪ್‌ಗೆ ಏರಿಸುತ್ತಾರೆ. ಪಕ್ಕದ ಹೊಲದಲ್ಲಿ ಒಮ್ಮೆ ಇದನ್ನು ನಿಂತು ನೋಡಿದ್ದೇನೆ. ತಾಡಪತ್ರಿಯ ಮೇಲೆ ಒಟ್ಟಿದ ಕಾಳು ತಕ್ಕಡಿಗೆ ಬರುವ ಹೊತ್ತಿಗೆ ಹೊಲದ ಮಾಲೀಕ, ಅಧಿಕಾರಿ, ವಿಮಾ ಕಂಪನಿಯವನು ಮೂವರೂ ಉಸಿರು ಬಿಗಿಹಿಡಿದಿದ್ದರು. ಆ ಹಿಡಿ ಕಾಳಿನ ಮೇಲೆ ಇಡೀ ಪಂಚಾಯಿತಿಯ ಹಣೆಬರಹ ನಿಂತಿರುತ್ತದೆ.

ಹೀಗೆ ಬಂದ ಇಳುವರಿಯನ್ನು ಹೊಸ್ತಿಲ ಇಳುವರಿಯೊಂದಿಗೆ, ಅಂದರೆ ಅದಕ್ಕಿಂತ ಕೆಳಗಿಳಿದರೆ ಮಾತ್ರ ಪರಿಹಾರ ಸಿಗುವ ಮಟ್ಟದೊಂದಿಗೆ, ಹೋಲಿಸುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ಹೆಕ್ಟೇರಿಗೆ 10 ಕ್ವಿಂಟಲ್, ಅದರಲ್ಲಿ ವಿಮೆ ಖಾತರಿ ಕೊಡುವ ಪಾಲು, ಅಂದರೆ ಭರವಸೆಯ ಮಟ್ಟ, ಶೇ 80 ಎಂದಿದ್ದರೆ ಹೊಸ್ತಿಲು 8 ಕ್ವಿಂಟಲ್. ಈ ವರ್ಷ ಪಂಚಾಯಿತಿಯ ಸರಾಸರಿ 6 ಕ್ವಿಂಟಲಿಗೆ ಇಳಿದರೆ ಕೊರತೆ ಕಾಲು ಭಾಗ. 50,000ದ ವಿಮೆಗೆ 12,500 ರೂಪಾಯಿ. ನನ್ನ ಹೊಲದಲ್ಲಿ ಒಂದು ಕಾಳೂ ಆಗದಿದ್ದರೂ ಅಷ್ಟೇ, ಹತ್ತು ಕ್ವಿಂಟಲ್ ಆಗಿದ್ದರೂ ಅಷ್ಟೇ.

ಇಡೀ ಸೀಮೆಗೆ ಬೀಳುವ ಬರಕ್ಕೆ ಈ ಲೆಕ್ಕ ಒಗ್ಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ನಮ್ಮ ಪಂಚಾಯಿತಿಯ ಇಳುವರಿಯೂ ಕುಸಿದಿತ್ತು. ತಡವಾಗಿಯಾದರೂ ನನ್ನ ಖಾತೆಗೆ ಹಣ ಬಂತು, ಮುಂದಿನ ಬಿತ್ತನೆಗೆ ಸಾಲ ಮಾಡುವುದು ತಪ್ಪಿತು. 2022ರಲ್ಲಿ ಈ ಭಾಗದ ತೊಗರಿಯನ್ನು ಒಣಗಿಸಿದ ನೆಟೆರೋಗದಂಥದ್ದಕ್ಕೂ ಇದೇ ದಾರಿ. ರೋಗಕ್ಕೆ ಒಬ್ಬೊಬ್ಬರ ಹೊಲವನ್ನು ಪ್ರತ್ಯೇಕ ನೋಡುವ ಅವಕಾಶವಿಲ್ಲ, ಪಂಚಾಯಿತಿಯ ಸರಾಸರಿ ಇಳಿಯಬೇಕು.

ಆದರೆ ಈಚಿನ ಮಳೆಯ ಸ್ವಭಾವವೇ ಬೇರೆ. ಎತ್ತಿನ ಒಂದು ಕೋಡು ತೊಯ್ದರೆ ಇನ್ನೊಂದು ಒಣಗಿರುತ್ತದೆ ಎಂಬ ಹಿರಿಯರ ಮಾತು ಈಗ ವರ್ಷದಲ್ಲಿ ಹಲವು ಸಲ ಕಣ್ಣೆದುರೇ ನಡೆಯುತ್ತದೆ. 2025ರ ಮಳೆಯಲ್ಲಿ ಹಳ್ಳ ಉಕ್ಕಿ ನಮ್ಮ ತಗ್ಗಿನ ಎರಡು ಎಕರೆಯಲ್ಲಿ ನಾಲ್ಕು ದಿನ ಮೊಣಕಾಲುದ್ದ ನೀರು ನಿಂತಿತು. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ, ತೊಗರಿಯ ಬೇರು ನಿಂತ ನೀರನ್ನು ತಾಳುವುದಿಲ್ಲ. ಇಂಥ ಸ್ಥಳೀಯ ವಿಕೋಪಕ್ಕೆ ಹೊಲವಾರು ಪರಿಹಾರವಿದೆ, 72 ಗಂಟೆಗಳೊಳಗೆ ದೂರು ಕೊಡಬೇಕು. 14447 ಸಹಾಯವಾಣಿಗೆ ಕರೆ ಮಾಡಿದಾಗ ಕನ್ನಡದಲ್ಲೇ ಮಾತಾಡಿ ದೂರಿನ ಸಂಖ್ಯೆ ಕೊಟ್ಟರು, ಇಲ್ಲಿಯವರೆಗೆ ಹೊಗಳಲೇಬೇಕು. ನಿಯಮದಂತೆ 48 ಗಂಟೆಗಳಲ್ಲಿ ಸರ್ವೇಯರ್ ನೇಮಕವಾಗಿ, ಅನಂತರದ 10 ದಿನಗಳಲ್ಲಿ ಪರಿಶೀಲನೆ ಮುಗಿಯಬೇಕು. ಕಂಪನಿಯ ಪ್ರತಿನಿಧಿ ಬಂದದ್ದು ಹತ್ತೊಂಬತ್ತನೆಯ ದಿನ. ಅಷ್ಟರಲ್ಲಿ ನೀರು ಇಂಗಿ, ಎಲೆ ಹಳದಿಯಾಗಿ ಉದುರಿ, ಕಡ್ಡಿ ನಿಂತಿತ್ತು. ಬದುವಿನ ಮೇಲೆ ನಿಂತೇ ಎರಡು ಫೋಟೊ ತೆಗೆದ ಆತ, ‘ನೀರು ಎಲ್ಲಿದೆ?’ ಎಂದು ಕೇಳಿದ. ನಾನು ಮೊದಲ ದಿನವೇ ತೆಗೆದಿಟ್ಟ, ಸ್ಥಳ ಮತ್ತು ಸಮಯ ನಮೂದಾದ ಚಿತ್ರಗಳಿದ್ದುದರಿಂದ ಅರ್ಜಿ ಉಳಿಯಿತು. ನಮ್ಮ ಪಕ್ಕದ ಹೊಲದ ಕಾಕಾ ಅವರ ಬಳಿ ಚಿತ್ರಗಳಿರಲಿಲ್ಲ, ಅವರದು ಉಳಿಯಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭೀಮಾ ಪ್ರವಾಹದ ವೈಮಾನಿಕ ಸಮೀಕ್ಷೆಯ ನಂತರ ಮುಖ್ಯಮಂತ್ರಿಗಳು ವಿಪತ್ತು ಪರಿಹಾರ ನಿಧಿಯಿಂದ ಸಿಗುವ 8,500ಕ್ಕೆ ರಾಜ್ಯದಿಂದ ಮತ್ತೆ 8,500 ಸೇರಿಸಿ, ಒಣಬೇಸಾಯಕ್ಕೆ ಹೆಕ್ಟೇರಿಗೆ 17,000 ರೂಪಾಯಿ ಘೋಷಿಸಿದರು. ಕಂತು ಕಟ್ಟದವನಿಗೂ ಅದು ಸಿಗುತ್ತದೆ. ‘ಹಾಗಾದರೆ ವಿಮೆ ಯಾಕೆ ಮಾಡಿಸಬೇಕು?’ ಎಂದು ನಮ್ಮೂರಲ್ಲಿ ಕೇಳಿದವರಿಗೆ ನನ್ನ ಉತ್ತರ ಒಂದೇ: ಆ ಘೋಷಣೆ ಬರಬಹುದು, ಬಾರದಿರಬಹುದು, ವಿಮೆಯದು ಬರೆದಿಟ್ಟ ಕರಾರು.

ನನ್ನ ದೊಡ್ಡ ಆಕ್ಷೇಪವಿರುವುದು ಆ ಹೊಸ್ತಿಲ ಮೇಲೆಯೇ. ಏಳು ವರ್ಷಗಳಲ್ಲಿ ಎರಡು ಕೆಟ್ಟ ವರ್ಷಗಳನ್ನು ಬದಿಗಿಡುವುದು ನ್ಯಾಯವೇ. ಆದರೆ ಬರ, ರೋಗ, ಅತಿವೃಷ್ಟಿ ಒಂದರ ಬೆನ್ನಿಗೊಂದು ಬಂದು ನಾಲ್ಕು ವರ್ಷ ಕೆಟ್ಟರೆ, ಅವುಗಳಲ್ಲಿ ಎರಡು ಸರಾಸರಿಯೊಳಗೆ ನುಸುಳುತ್ತವೆ. ಸರಾಸರಿ 10ರಿಂದ 8ಕ್ಕೆ ಇಳಿದರೆ ಹೊಸ್ತಿಲು 6.4; ಆಗ ಅದೇ 6 ಕ್ವಿಂಟಲಿಗೆ 12,500ರ ಬದಲು 3,125 ರೂಪಾಯಿ ಮಾತ್ರ. ವಾತಾವರಣ ಕೆಡುತ್ತಾ ಹೋದಂತೆ ರಕ್ಷಣೆಯೂ ಸವೆಯುವ ಈ ಸೂತ್ರವನ್ನು ಹವಾಮಾನಕ್ಕೆ ಹೊಂದಿಕೊಳ್ಳುವ ಯೋಜನೆ ಎಂದು ಕರೆಯುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ತಕ್ಕಂತೆ ಗಡಿಯಾರವನ್ನೇ ಸರಿಸಿದ ಆ ವ್ಯವಹಾರಜ್ಞಾನ ಹೊಸ್ತಿಲ ಲೆಕ್ಕದಲ್ಲೂ ಕಾಣಬೇಕಿತ್ತು.

ಅಂಕ ಕೊಡುವುದಾದರೆ ಬೆಲೆಗೆ ಐದಕ್ಕೆ ಐದು, ಬರಕ್ಕೆ ನಾಲ್ಕು, ನೆರೆಗೆ ಎರಡು. ಈ ಸಲವೂ ಏಳು ಎಕರೆಯ ತೊಗರಿಗೆ ಕಂತು ಕಟ್ಟುತ್ತೇನೆ. ಹಳ್ಳದ ಬದಿಯ ಎರಡು ಎಕರೆಯನ್ನು ಮುಂಗಾರಿನಲ್ಲಿ ಬೀಳು ಬಿಟ್ಟು, ನೀರು ಹಸಿಯಾಗಿ ಮಣ್ಣಲ್ಲಿ ಉಳಿದ ಮೇಲೆ ಬಿಳಿಜೋಳ ಬಿತ್ತಲಿದ್ದೇನೆ. ಅದರ ಕಂತು ಶೇ 1.5.