ಗಪ್ಪಿ ಬಾಣಂತನಕ್ಕೆ ಡಬ್ಬಿಯೋ, ಬಲೆಯೋ, ಟಬ್ಬೋ?

ಗಪ್ಪಿ ಅನ್ನುವ ಪುಟ್ಟ ಅಕ್ವೇರಿಯಂ ಮೀನಿನ ಮರಿ ಉಳಿಸೋಕೆ ಯಾವುದು ವಾಸಿ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಬ್ಬಿಗೆ. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಬಟ್ಟೆ ನೆನೆಸೋಕೆ ಅಂತ ಮಾರುತ್ತಾರಲ್ಲ, ಆ 40 ಲೀಟರಿನ ಟಬ್ಬು. ಅದಕ್ಕೆ ಬರುವ ಮೊದಲು 250 ರೂಪಾಯಿ ಡಬ್ಬಿಗೆ, 180 ರೂಪಾಯಿ ಬಲೆಗೆ ಸುರಿದು, ಎರಡು ಸೂಲಿನಲ್ಲಿ ಮರಿಗಳನ್ನು ಕಳೆದುಕೊಂಡಿದ್ದೇನೆ.

ಗಪ್ಪಿ ಮರಿ ಹಾಕಿಸುವುದು ಕಷ್ಟವೇ ಅಲ್ಲ. ಅಂಗಡಿಯಿಂದ ತಂದ ಹೆಣ್ಣು ಹೆಚ್ಚುಕಮ್ಮಿ ಬಸುರಾಗಿಯೇ ಬಂದಿರುತ್ತದೆ. ಒಂದು ಸಲ ಗಂಡಿನ ಜೊತೆ ಕೂಡಿದರೆ ಸಾಕು, ಆ ವೀರ್ಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ತಿಂಗಳುಗಟ್ಟಲೆ ಸೂಲಿನ ಮೇಲೆ ಸೂಲು ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ, ಒಂದು ಸಲಕ್ಕೆ 20, 30 ಮರಿ. ಕಷ್ಟ ಇರುವುದು ಹುಟ್ಟಿದ ಮರಿಯನ್ನು ಉಳಿಸುವುದರಲ್ಲಿ. ಹೆತ್ತ ತಾಯಿಯೇ ತಿರುಗಿ ನುಂಗುತ್ತದೆ, ಉಳಿದ ಮೀನುಗಳ ಮಾತು ಬಿಡಿ.

ಮೊದಲು ತಂದದ್ದು ಡಬ್ಬಿ. ಟ್ಯಾಂಕಿನ ಒಳಗೆ ಗಾಜಿಗೆ ಅಂಟಿಸುವ ಬ್ರೀಡಿಂಗ್ ಬಾಕ್ಸ್. ತಾಯಿ ಮೇಲೆ ಇರುತ್ತದೆ, ಮಧ್ಯೆ ‘ವಿ’ ಆಕಾರದ ತಟ್ಟೆ, ತಟ್ಟೆಯ ಬುಡದಲ್ಲಿ ಒಂದು ಸಂದು. ಹುಟ್ಟಿದ ಮರಿ ಸಂದಿನಿಂದ ಕೆಳಗೆ ಜಾರಿ ತಾಯಿಯ ಬಾಯಿಂದ ಪಾರಾಗುತ್ತದೆ. ಐಡಿಯಾ ಚೆನ್ನಾಗಿದೆ, ಅಲ್ಲಿಯವರೆಗೆ ಕೆಲಸವನ್ನೂ ಮಾಡುತ್ತದೆ.

ನನ್ನ ತಕರಾರೆಲ್ಲ ಪಕ್ಕದ ಸೀಳುಗಳ ಮೇಲೆ. ಟ್ಯಾಂಕಿನ ನೀರು ಡಬ್ಬಿಯೊಳಗೆ ಓಡಾಡಲಿ ಅಂತ ಎರಡೂ ಬದಿಗೆ ಉದ್ದುದ್ದ ಸೀಳು ಬಿಟ್ಟಿರುತ್ತಾರೆ. ಮೊದಲ ಸೂಲು ಒಂದು ಭಾನುವಾರ ಆಯಿತು. ಸಂಜೆ ಹೊತ್ತಿಗೆ ಕೆಳಗಿನ ಖಾನೆಯಲ್ಲಿ 23 ಮರಿ ಎಣಿಸಿದೆ. ಅಮ್ಮನನ್ನು ಕರೆದು ತೋರಿಸಿದೆ. “ಮೀನಿಗೂ ಬಾಣಂತನ ಮಾಡ್ತಿದ್ದೀಯಲ್ಲೋ” ಅಂತ ನಕ್ಕಳು. ರಾತ್ರಿ ಊಟ ಮುಗಿಸಿ ಬಂದು ಎಣಿಸಿದರೆ 14. ಸತ್ತದ್ದು ಒಂದೂ ಕಾಣಲಿಲ್ಲ.

ಗಾಜಿಗೆ ಮೂಗು ಒತ್ತಿಕೊಂಡು ಕೂತೆ. ಮರಿ ಎಂದರೆ ಏನು, ಉದ್ದ ಆರೇಳು ಮಿಲಿಮೀಟರ್, ದಪ್ಪ ಸಾಸಿವೆ ಕಾಳಿನಷ್ಟೂ ಇಲ್ಲ. ಅರ್ಧಕ್ಕರ್ಧ ಬರೀ ಕಣ್ಣು. ಒಂದು ಮರಿ ಸೀಳಿನ ಎದುರು ಬಂದು ನಿಂತಿತು. ತಲೆ ತೂರಿಸಿತು. ಬಾಲ ಎರಡು ಸಲ ಬಡಿಯಿತು, ಆಚೆಗೆ ಹೋಯಿತು. ಅಲ್ಲಿ ಎರಡು ಗಂಡು ಗಪ್ಪಿ, ಪ್ಲಾಟಿ ಅನ್ನುವ ಇನ್ನೊಂದು ಜಾತಿಯ ಮೀನು ಒಂದು, ನ್ಯಾಯಬೆಲೆ ಅಂಗಡಿ ಮುಂದೆ ನಿಂತ ಹಾಗೆ ನಿಂತಿದ್ದವು. ಪ್ಲಾಟಿಯ ಪಾಲಾಯಿತು.

ಮಾರನೇ ದಿನ ಸೀಳಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆ. ಮರಿ ಆಚೆ ಹೋಗುವುದು ನಿಂತಿತು. ಜೊತೆಗೆ ನೀರು ಓಡಾಡುವುದೂ ನಿಂತಿತು. ತಿಂದು ಬಿಟ್ಟ ಪುಡಿ ಪರದೆಗೆ ಮೆತ್ತಿಕೊಂಡು ಎರಡೇ ದಿನಕ್ಕೆ ಲೋಳೆ ಕಟ್ಟಿತು. ಡಬ್ಬಿಯಲ್ಲಿ ಹಿಡಿಯುವುದು ಒಂದೂವರೆ ಲೀಟರ್ ನೀರು. ಅಷ್ಟರಲ್ಲಿ ಮರಿಗಳ ಹಿಕ್ಕೆ, ಕೊಳೆತ ಆಹಾರ ಸೇರಿದರೆ ಅಮೋನಿಯ ಏರುವುದಕ್ಕೆ ಎಷ್ಟು ಹೊತ್ತು ಬೇಕು? ನಾಲ್ಕನೇ ದಿನ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಮೆಡಿಕಲ್ ಸ್ಟೋರಿನಿಂದ ಸಿರಿಂಜು ತಂದು ದಿನಕ್ಕೆ ಎರಡು ಸಲ ಕಸ ಎಳೆದೆ. ಗಾಳಿ ಆಡಲಿ ಅಂತ ಗುಳ್ಳೆ ಬಿಡುವ ಏರ್ ಸ್ಟೋನ್ ಇಳಿಬಿಟ್ಟರೆ, ಆ ಅಲುಗಾಟಕ್ಕೆ ಗಾಜಿಗೆ ಅಂಟಿಸಿದ್ದ ರಬ್ಬರ್ ಬಟ್ಟಲು ಒಂದು ಕಡೆ ಕಿತ್ತುಕೊಂಡು ಡಬ್ಬಿ ವಾಲಿತು. 23ರಲ್ಲಿ ಕೊನೆಗೆ ಉಳಿದದ್ದು ಐದು.

ಸೀಳು ಬಿಟ್ಟರೆ ಮರಿ ಹೋಗುತ್ತದೆ, ಮುಚ್ಚಿದರೆ ನೀರು ಕೆಡುತ್ತದೆ. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ದಿನಾ ಮೂರು ನಾಲ್ಕು ಸಲ ಕಪ್ಪಿನಿಂದ ನೀರು ಬದಲಿಸುತ್ತಿದ್ದರೆ ಆಗುತ್ತದೆ. ನಾನು ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟಕ್ಕೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮರಿಗಳ ಚಿಂತೆ ಮಾಡುವುದು ನನ್ನಿಂದಾಗದು.

ಇನ್ನೊಂದು ಮಾತು. ಗಪ್ಪಿಯ ಹಾಗೇ ಮರಿ ಹಾಕುವ ಮಾಲಿ ಮೀನನ್ನು ಡಬ್ಬಿಗೆ ಹಾಕಲೇಬೇಡಿ. ನಮ್ಮ ಕರಿ ಮಾಲಿ ಅದರೊಳಗೆ ಆರು ದಿನ ಮೂಲೆ ಹಿಡಿದು ಕೂತಿತ್ತು, ಹೆರಲಿಲ್ಲ. ಪಾಪ ಅಂತ ಟ್ಯಾಂಕಿಗೆ ಬಿಟ್ಟೆ. ಮಾರನೇ ಬೆಳಗ್ಗೆ ಹೊಟ್ಟೆ ಖಾಲಿ, ಮರಿ ಒಂದೂ ಇಲ್ಲ.

ಬಲೆ ಡಬ್ಬಿಗಿಂತ ವಾಸಿ. ಚೌಕಟ್ಟಿಗೆ ಸಣ್ಣ ಕಣ್ಣಿನ ಬಲೆ ಹಾಕಿದ ತೊಟ್ಟಿಲು ಅದು. ನೀರು ಸಲೀಸಾಗಿ ಓಡಾಡುತ್ತದೆ. ಆದರೆ ಮರಿಗಳು ತಳದಲ್ಲಿ ಮಲಗಿದಾಗ ಹೊರಗಿನ ಮೀನುಗಳು ಕೆಳಗಿನಿಂದ ಬಲೆಗೆ ಬಾಯಿ ಹಚ್ಚಿ ಹೀರುತ್ತವೆ. ಬಾಲ ಹರಿದ ಮರಿ ಮೂರು ಸಿಕ್ಕವು. ಮೂಲೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ಸತ್ತವೂ ಇದ್ದವು. ಸಾಕು ಅನ್ನಿಸಿತು.

ಆಮೇಲೆ ಟಬ್ಬು. 320 ರೂಪಾಯಿ ಕೊಟ್ಟೆ. ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಬೆಳಗಿನ ಬಿಸಿಲು ಎರಡು ಗಂಟೆ ಹೊತ್ತು ಬೀಳುವ ಮೂಲೆಗೆ ಇಟ್ಟೆ. ಅರ್ಧ ಹಳೇ ಟ್ಯಾಂಕಿನ ನೀರು, ಅರ್ಧ ನಲ್ಲಿಯದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿದೆ. ಕಾವೇರಿ ಬರದ ದಿನ ಬೋರ್‌ವೆಲ್ ನೀರನ್ನೇ ಹಾಕುತ್ತೇನೆ. ನಮ್ಮ ಪಾತ್ರೆಗೆ ಬಿಳಿ ಕಲೆ ಬರಿಸುವ ಆ ಗಡಸು ನೀರು ಗಪ್ಪಿಗೆ ಒಗ್ಗುತ್ತದೆ. ಫಿಲ್ಟರ್ ಇಲ್ಲ, ಕರೆಂಟು ಹೋದರೂ ಚಿಂತೆ ಇಲ್ಲ.

ಟಬ್ಬಿನ ಗುಟ್ಟೆಲ್ಲ ಗಿಡದಲ್ಲಿದೆ. ಮೀನು ಸಾಕುವ ಗೆಳೆಯನೊಬ್ಬ ಗಪ್ಪಿ ಗ್ರಾಸ್ ಅನ್ನುವ ನೀರುಗಿಡ ಎರಡು ಹಿಡಿ ಕೊಟ್ಟ. ನೀರಿಗೆ ಎಸೆದರೆ ಸಾಕು, ಮಣ್ಣು ಬೇಡ. ತಿಂಗಳಲ್ಲಿ ಟಬ್ಬಿನ ಅರ್ಧ ತುಂಬಿಕೊಂಡಿತು. ಹುಟ್ಟಿದ ಮರಿ ಅದರೊಳಗೆ ನುಸುಳಿಬಿಟ್ಟರೆ ತಾಯಿಯ ದೇಹ ಅಲ್ಲಿ ಹೊಕ್ಕಲಾರದು. ಎಲೆಗಳ ಮೇಲೆ ಕಟ್ಟುವ ಪಾಚಿ, ಅದರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳನ್ನು ಮರಿ ದಿನವಿಡೀ ಕುಕ್ಕುತ್ತಾ ಇರುತ್ತದೆ. ನಾನು ಆಫೀಸಿನಲ್ಲಿದ್ದಾಗಲೂ ಅವಕ್ಕೆ ಊಟ ನಡೆದಿರುತ್ತದೆ.

ತಾಯಿಯನ್ನು ಕೊನೇ ಗಳಿಗೆಯಲ್ಲಿ ಹಿಡಿದು ಹಾಕಬೇಡಿ, ಗಾಬರಿಗೆ ಅಕಾಲದಲ್ಲಿ ಹೆತ್ತುಬಿಡಬಹುದು. ಹೊಟ್ಟೆಯ ಹಿಂತುದಿಯ ಕಪ್ಪು ಮಚ್ಚೆ ದೊಡ್ಡದಾಗುತ್ತಿದ್ದ ಹಾಗೆ, ಒಂದು ವಾರ ಮುಂಚೆಯೇ ಬಿಡುತ್ತೇನೆ. ಆ ವಾರ ಹೊಟ್ಟೆ ತುಂಬ ಹಾಕುತ್ತೇನೆ. ಹೆತ್ತ ಮೇಲೆ ಹೊಟ್ಟೆ ಇಳಿದದ್ದು ನೋಡಿದರೆ ಗೊತ್ತಾಗುತ್ತದೆ. ಆಗ ಅದನ್ನು ಹೊರಗೆ ತೆಗೆಯಬೇಕು. ಟಬ್ಬಿನಲ್ಲಿ ನನಗೆ ಬೇಜಾರು ತರಿಸುವುದು ಇದೊಂದೇ. ಗಿಡದ ಮಧ್ಯೆ ಗಪ್ಪಿ ಹಿಡಿಯುವಷ್ಟರಲ್ಲಿ ಅಂಗಿ ತೋಳೆಲ್ಲ ಒದ್ದೆ.

ಮೇಲೆ ಸೊಳ್ಳೆ ಪರದೆ ಕಟ್ಟಲೇಬೇಕು. ಕಾಗೆ, ಬೆಕ್ಕು ಒಂದು ಕಾರಣ. ಸೊಳ್ಳೆ ಇನ್ನೊಂದು. ಬಾವಿ, ತೊಟ್ಟಿಗಳಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಡುವುದೂ ಇದೇ ಗಪ್ಪಿಯನ್ನು. ಆದರೆ ನಾಲ್ಕು ದಿನದ ಗಪ್ಪಿ ಮರಿಗೆ ಬಲಿತ ಸೊಳ್ಳೆ ಮರಿ ನುಂಗುವ ಬಾಯಿ ಇರುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಬೈಸಿಕೊಳ್ಳುವುದು ನಾವು.

ಡಿಸೆಂಬರ್, ಜನವರಿಯಲ್ಲಿ ಟಬ್ಬನ್ನು ಒಳಗೆ ತಂದು 50 ವಾಟಿನ ಹೀಟರ್ ಹಾಕುತ್ತೇನೆ. ತಣ್ಣೀರಿನಲ್ಲಿ ಮರಿ ಬೆಳೆಯುವುದು ಬಹಳ ನಿಧಾನ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ನೀರು ಕೆಡಿಸಿಕೊಂಡಿದ್ದೇನೆ, ಬೇಡ. ದೊಡ್ಡ ಮೀನಿನ ಊಟವನ್ನೇ ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ, ಚಿಟಿಕೆಯಷ್ಟು, ಬೆಳಗ್ಗೆ ರಾತ್ರಿ. ಭಾನುವಾರ ಆರ್ಟೀಮಿಯ, ಅಂದರೆ ಸೀಗಡಿಯಂಥ ಪುಟಾಣಿ ಜೀವಿ. ಅದರ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಗಾಳಿ ಬಿಟ್ಟು ಒಂದೂವರೆ ದಿನದಲ್ಲಿ ಒಡೆಸಿದ್ದು. ಅದನ್ನು ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುವುದು ನೋಡೋಕೇ ಒಂದು ಖುಷಿ.

ಟಬ್ಬಿನ ಮೊದಲ ಸೂಲಿನಲ್ಲಿ ಎಷ್ಟು ಹುಟ್ಟಿದವೋ ದೇವರಿಗೇ ಗೊತ್ತು. ಮೂರು ವಾರದ ಮೇಲೆ ಗಿಡ ಸರಿಸಿ ಎಣಿಸಿದಾಗ 19 ಇದ್ದವು. ದುಬಾರಿ ತಳಿಯ ಜೋಡಿ ತಂದು ಒಂದೊಂದು ಮರಿಯ ಲೆಕ್ಕ ಇಡುವವರಿಗೆ, ಮನೆಯಲ್ಲೇ ಇರುವವರಿಗೆ ಡಬ್ಬಿ ಸರಿಹೋಗಬಹುದು. ನನ್ನವು ಜೋಡಿಗೆ 40 ರೂಪಾಯಿಯ ಮಾಮೂಲಿ ಗಪ್ಪಿ. ಲೆಕ್ಕ ತಪ್ಪಿದರೂ ನಷ್ಟವಿಲ್ಲ.

ಡಬ್ಬಿಯಲ್ಲಿ ಈಗ ಗಿಡದ ಜೊತೆ ಬಂದ ಬಸವನಹುಳುಗಳನ್ನು ಹಾಕಿದ್ದೇನೆ. ಅವೂ ಸೀಳಿನಿಂದ ಆಚೆ ಬರುತ್ತವೆ. ಅಮ್ಮನಿಗೆ ಕಂಬಳಿ ನೆನೆಸೋಕೆ ಟಬ್ಬು ಬೇಕಂತೆ. ಇನ್ನೊಂದು ತರಬೇಕು, ಎರಡು ಹೆಣ್ಣು ಒಟ್ಟಿಗೆ ದಿನ ತುಂಬಿಕೊಂಡಿವೆ.